ಬಲಗಡೆ ಬಿಡದ ಮಂಜುನಾಥ

ನನ್ನ ತಮ್ಮ ಮಂಜುನಾಥನಿಗೆ ಹೊಟ್ಟೆಕಿಚ್ಚು ಹತ್ತಿದ್ದು ದಾಯಾದಿಗಳ ಮೇಲಲ್ಲ, ಪಕ್ಕದ ಮನೆಯವರ ಮೇಲೂ ಅಲ್ಲ, ಕಟ್ಟಿಕೊಂಡ ಹೆಂಡತಿಯ ಮೇಲೆ. ಅದೂ ಅವಳು ಕಾರು ಚೆನ್ನಾಗಿ ಓಡಿಸುತ್ತಾಳೆ ಎಂಬ ಕಾರಣಕ್ಕೆ. ಕೇಳಿದವರು ನಗುತ್ತಾರೆ. ನಗಲಿ. ಅವನನ್ನು ಎತ್ತಿ ಆಡಿಸಿದ ಅಕ್ಕ ನಾನು, ಅವನನ್ನು ನೋಡಿ ನಗುವ ಮೊದಲ ಹಕ್ಕು ನನ್ನದೇ.

ಜಗಳೂರು ಬಸ್ ಸ್ಟ್ಯಾಂಡಿನ ಹತ್ತಿರ ಅವನ ಬಿಳಿ ಕಾರು ನಿಲ್ಲುತ್ತದೆ. ಮೀಸೆ ಬಂದಾಗಿನಿಂದ ಅವನದು ಬಾಡಿಗೆ ಹೊಡೆಯುವ ಕೆಲಸ. ದಾವಣಗೆರೆ ಹತ್ತಿರ ಹೆದ್ದಾರಿ ಹತ್ತಿದನೆಂದರೆ ಡಿವೈಡರ್ ಪಕ್ಕದ ಬಲಗಡೆಯ ಸಾಲು ಅವನ ಪಿತ್ರಾರ್ಜಿತ ಆಸ್ತಿ. ಹಿಂದಿನವರು ಎಷ್ಟು ಹಾರನ್ ಹೊಡೆದರೂ ಸೈಡ್ ಕೊಡುವವನಲ್ಲ. ಮುಂದಿನವರು ಸೈಡ್ ಕೊಡದಿದ್ದರೆ ಮಾತ್ರ ಅವರ ಮನೆತನವನ್ನೆಲ್ಲ ಎಳೆದು ಬೈಯುತ್ತಾನೆ. ಲೈಟು ಮಿನುಗಿಸಿ, ಅವರ ಹಿಂಭಾಗಕ್ಕೆ ತನ್ನ ಗಾಡಿಯ ಮೂತಿ ಒತ್ತಿಸಿ, ಆದರೂ ಬಿಡದಿದ್ದರೆ ಎಡದಿಂದ ನುಗ್ಗುತ್ತಾನೆ. ಪೆಟ್ರೋಲ್ ಬಂಕ್ ರಸ್ತೆಯ ಆಚೆ ಇದ್ದರೆ ಮುಂದೆ ಹೋಗಿ ತಿರುಗಿಸಿಕೊಂಡು ಬರುವ ತಾಳ್ಮೆ ಇಲ್ಲ, ಎದುರು ಬರುವವರ ಮೇಲೇ ಉಲ್ಟಾ ಹೋಗುತ್ತಾನೆ. ಒಮ್ಮೆ ನಾನೇ ಕೇಳಿದೆ, ಎಡಗಡೆ ಹೋದರೆ ಏನಾಗುತ್ತದೆ ಎಂದು.

"ಎಡಗಡೆ ಹೋಗಾಕೆ ನಾನೇನು ಎತ್ತಿನಗಾಡಿ ಹೊಡಿತೀನೇನಕ್ಕಾ?" ಎಂದ.

ಹೆಂಡತಿ ಸುಧಾಳಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನು ಅವನೇ. ಕಾಲೇಜು ಮೈದಾನದಲ್ಲಿ ಅವಳನ್ನು ಕೂರಿಸಿಕೊಂಡು ಸುತ್ತು ಹೊಡೆಸಿ, ಲೈಸೆನ್ಸೂ ಮಾಡಿಸಿ, ಸ್ಟ್ಯಾಂಡಿನ ತುಂಬ ಹೇಳಿಕೊಂಡು ಬಂದ. ಆಗ ಅದು ಅವನಿಗೆ ಗೌರವ. ಒಂದು ದಿನ ಕಾರಿನ ಮೇಲೆ ಹತ್ತಿ ಸಾಮಾನು ಬಿಗಿಯುವಾಗ ಜಾರಿ ಬಿದ್ದು ಕಾಲು ಮುರಿದುಕೊಂಡ. ಒಪ್ಪಿಕೊಂಡ ಬಾಡಿಗೆಗಳಿದ್ದವು, ಮನೆ ನಡೆಯಬೇಕಿತ್ತು. ಸುಧಾ ಸೆರಗು ಸಿಕ್ಕಿಸಿ ಕೀ ತೆಗೆದುಕೊಂಡಳು.

ಅವಳು ಎಡಗಡೆ ಹೋದಳು. ಮುಂದಿನ ಗಾಡಿ ದಾಟಬೇಕಾದರೆ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ ಬಲಕ್ಕೆ ಬಂದು, ದಾಟಿದ ಮೇಲೆ ಮತ್ತೆ ಎಡಕ್ಕೆ ಸರಿದಳು. ಇಷ್ಟೇ ಅವಳ ವಿದ್ಯೆ. ಆದರೆ ಅವಳ ಗಾಡಿ ಹತ್ತಿದ ಬಸುರಿಯರು, ಮಂಡಿ ನೋವಿನ ಮುದುಕಿಯರು ನಿದ್ದೆ ಮಾಡಿಕೊಂಡೇ ದಾವಣಗೆರೆಯ ಆಸ್ಪತ್ರೆ ಮುಟ್ಟಿದರು. ಸುದ್ದಿ ಹರಡಲು ಇನ್ನೇನು ಬೇಕು?

ಕಾಲು ವಾಸಿಯಾಯಿತು. ಫೋನು ಮಾತ್ರ ವಾಸಿಯಾಗಲಿಲ್ಲ.

"ಹಲೋ, ಸುಧಕ್ಕಾರು ಅದಾರೇನ್ರೀ?"

"ನಾನೇ ಬರ್ತೀನ್ರೀ. ಕಾಲು ಈಗ ಗಟ್ಟಿ ಐತೆ."

"ಹೌದೇನ್ರೀ? ಭಾಳ ಒಳ್ಳೇದಾತು. ಹಂಗಾದ್ರೆ ನಾಳೆ ತಿಳಿಸ್ತೀವಿ ಬಿಡ್ರೀ."

ಆ ನಾಳೆ ಬರುತ್ತಿರಲಿಲ್ಲ. ಫೋನು ಅವನದು, ಕಾರು ಅವನದು, ಹೆಂಡತಿಯೂ ಅವನವಳೇ, ಕೇಳುವುದು ಮಾತ್ರ ಅವಳನ್ನು. ತಮ್ಮ ಒಳಗೊಳಗೇ ಬೆಂದುಹೋದ. ಅವಳು ಬಾಡಿಗೆ ಮುಗಿಸಿ ಬಂದ ಕೂಡಲೇ ಹೋಗಿ ಡ್ರೈವರ್ ಸೀಟನ್ನು ಗರಕ್ಕನೆ ಹಿಂದಕ್ಕೆ ತಳ್ಳುತ್ತಿದ್ದ. ತನ್ನ ಕಾಲಿನ ಅಳತೆಗೆ. ಬೆಳಿಗ್ಗೆ ಅವಳು ಮತ್ತೆ ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಆ ಸೀಟು ಅವರಿಬ್ಬರ ನಡುವೆ ಸವೆದುಹೋಯಿತು.

ನನ್ನ ಮಗಳು ರೂಪಶ್ರೀಯ ಮದುವೆ ನಿಶ್ಚಯವಾದದ್ದು ಆ ಹೊತ್ತಿಗೆ. ಬೀಗರು ನ್ಯಾಮತಿಯವರು, ಗಿಡ್ಡಪ್ಪ ಎಂದು. ಮದುವೆ ಹೊನ್ನಾಳಿಯ ಕಲ್ಯಾಣ ಮಂಟಪದಲ್ಲಿ. ಮದುಮಗಳ ಕಾರು ಓಡಿಸುವವರು ಯಾರು? ತಮ್ಮ ಎದೆ ಉಬ್ಬಿಸಿ ನಿಂತ. ಸೋದರಮಾವ ಅವನು, ಡ್ರೈವರೂ ಅವನೇ. ಈ ಒಂದು ಬಾಡಿಗೆಯನ್ನಾದರೂ ಹೆಂಡತಿ ಕಸಿಯಲಾರಳು ಎಂಬುದು ಅವನ ಧೈರ್ಯ. ಮಗಳು ರಾತ್ರಿ ನನ್ನ ಪಕ್ಕ ಮಲಗಿ, "ಅವ್ವಾ, ಸುಧತ್ತೆ ಓಡಿಸ್ಲಿ" ಎಂದಳು. ಹೆತ್ತವಳಿಗಿಂತ ಅತ್ತೆಯ ಮೇಲೆ ಅವಳಿಗೆ ಭರವಸೆ ಹೆಚ್ಚು. ಸುಳ್ಳೇಕೆ, ನನಗೂ ಒಂದಿಷ್ಟು ಕಿಚ್ಚು ಹತ್ತಿತು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಮದುಮಗಳು ಹೊಸ್ತಿಲು ದಾಟಿದಾಗಿನಿಂದ ಹಸೆಮಣೆ ಮುಟ್ಟುವವರೆಗೆ ಸೋದರಮಾವ ಅವಳ ಕೈ ಬಿಡುವಂತಿಲ್ಲ. ನಾನು ಅದನ್ನೇ ಹಿಡಿದುಕೊಂಡೆ.

"ಕೈ ಹಿಡಿಯಾನು ನೀನು ತಾನೆ? ಇಲ್ಲ ಅಂದ್ರೆ ಬೇರೆ ಯಾರನ್ನಾರ ಕರೀತೀನಿ" ಎಂದೆ.

"ಏನ್ ಮಾತಾಡ್ತೀಯಕ್ಕಾ? ನಾನಿರುವಾಗ ಬೇರೆ ಯಾರು ಹಿಡಿತಾರೆ?"

"ಹಂಗಾದ್ರೆ ಸ್ಟೇರಿಂಗ್ ಹೆಂಗೆ ಹಿಡಿತೀಯಪ್ಪಾ?"

ಆಗ ಅವನ ಮುಖ ನೋಡಬೇಕಿತ್ತು.

ಮದುವೆಯ ದಿನ ಉಳಿದವರೆಲ್ಲ ಬಸ್ಸಿನಲ್ಲಿ ಮೊದಲೇ ಹೋದರು. ಕಾರಿನಲ್ಲಿ ಸುಧಾ, ಅವಳ ಪಕ್ಕ ನಾನು. ಹಿಂದೆ ರೂಪಶ್ರೀ, ಅವಳ ಕೈ ಹಿಡಿದುಕೊಂಡು ಗಂಟುಮೋರೆಯ ಸೋದರಮಾವ. ಮಗಳ ಎರಡೂ ಕೈ ತುಂಬ ಹಸಿರು ಬಳೆ. ಹೆದ್ದಾರಿ ಹತ್ತಿದ್ದೇ ತಡ, ತಮ್ಮನ ಪಾಠ ಶುರುವಾಯಿತು.

"ಬಲಕ್ಕೆ ಹಾಕು. ಹಾರನ್ ಹೊಡಿ. ನೋಡಲ್ಲಿ, ಆಟೋದವನೂ ನಮ್ಮನ್ನ ದಾಟಿ ಹೋದ. ಮದುಮಗಳ ಗಾಡಿ ಇದು, ಒಂದು ಗತ್ತು ಬ್ಯಾಡವಾ?"

"ಮುಹೂರ್ತಕ್ಕೆ ಟೈಮ್ ಐತಲ್ರೀ" ಎಂದಳು ಸುಧಾ, ತಿರುಗದೆ.

ಹರಿಹರ ಇನ್ನೂ ಸ್ವಲ್ಪ ದೂರವಿತ್ತು. ಎಡಗಡೆ ಒಂದು ಲಾರಿ ಏದುಸಿರು ಬಿಡುತ್ತ ಹೋಗುತ್ತಿತ್ತು. ಅದನ್ನು ದಾಟಲು ಸುಧಾ ಬಲಕ್ಕೆ ಬಂದಳು. ಅಷ್ಟರಲ್ಲಿ ಹಿಂದಿನಿಂದ ಒಂದು ಕಪ್ಪು ಕಾರು ಬಂದು ನಮ್ಮ ಬೆನ್ನಿಗೆ ಅಂಟಿಕೊಂಡಿತು. ಲೈಟು ಮಿನುಗಿಸಿದ್ದೇ ಮಿನುಗಿಸಿದ್ದು, ಹಾರನ್ ಬಾರಿಸಿದ್ದೇ ಬಾರಿಸಿದ್ದು. ಲಾರಿ ದಾಟಿ ಇನ್ನೇನು ಎಡಕ್ಕೆ ಸರಿಯಬೇಕು, ಆ ಪುಣ್ಯಾತ್ಮನಿಗೆ ಅಷ್ಟು ಹೊತ್ತೂ ತಡೆಯಲಿಲ್ಲ. ಲಾರಿಗೂ ನಮಗೂ ನಡುವಿನ ಸಂದಿಯಲ್ಲಿ ಎಡದಿಂದ ತೂರಿ, ನಮ್ಮ ಮೂತಿ ಸವರಿಕೊಂಡು ಮುಂದೆ ಬಂದುಬಿಟ್ಟ. ಸುಧಾ ಬ್ರೇಕ್ ಒತ್ತಿ ಗಾಡಿಯನ್ನು ಹಿಂದೆ ಉಳಿಸಿಕೊಂಡಳು. ನಾನು ಮನೆದೇವರನ್ನು ಕೂಗಿದೆ.

ನನಗಿಂತ ಜೋರಾಗಿ ಕೂಗಿದವನು ಮಂಜುನಾಥ. ಅದು ಅವನದೇ ಆಟ, ಅವನೇ ದಿನಾ ಆಡುವಂಥದ್ದು. ಹಿಂದಿನ ಸೀಟಿನಲ್ಲಿ ಕೂತು ನೋಡಿದ್ದು ಅದೇ ಮೊದಲು. ಕೂಗುತ್ತಲೇ ಮಗಳ ಕೈಯನ್ನು ಹಿಸುಕಿಬಿಟ್ಟಿದ್ದ. ಹಸಿರು ಬಳೆಗಳು ಪಟಪಟನೆ ಹೆಚ್ಚಿದವು. ಒಡೆದವು ಎಂದು ನಾವು ಹೇಳುವುದಿಲ್ಲ, ಹೆಚ್ಚಿದವು ಎನ್ನುತ್ತೇವೆ, ಅದರಲ್ಲೂ ಮದುವೆಯ ದಿನ. ಮಗಳ ಮುಂಗೈಯಲ್ಲಿ ರಕ್ತದ ಗೆರೆ ಎದ್ದಿತು, ಅದರ ಪಕ್ಕ ಅವನ ಬೆರಳಿನ ಅಚ್ಚು.

ಹರಿಹರದಲ್ಲಿ ಸುಧಾ ಬಳೆ ಅಂಗಡಿ ಹುಡುಕಿ ನಿಲ್ಲಿಸಿದಳು. ಹೊಸ ಬಳೆ ತೊಡಿಸಿದೆವು. ಅಲ್ಲಿಂದ ಹೊನ್ನಾಳಿಯವರೆಗೆ ತಮ್ಮ ಒಮ್ಮೆಯೂ ಬಲಕ್ಕೆ ಹಾಕು ಎನ್ನಲಿಲ್ಲ. ಬುದ್ಧಿ ಬಂತು ಎಂದುಕೊಂಡೆ. ಎಷ್ಟು ದಡ್ಡಿ ನಾನು!

ಮಂಟಪದ ಬಾಗಿಲಲ್ಲೇ ಗಂಡಿನ ಸೋದರತ್ತೆ ಚೌಡಕ್ಕನ ಕಣ್ಣು ಮಗಳ ಕೈಯ ಮೇಲೆ ಬಿತ್ತು. ತರಚಿದ ಗಾಯ, ಎರಡು ಬಗೆಯ ಹಸಿರು.

"ಅಯ್ಯೋ, ಬಳೆ ಹೆಂಗೆ ಹೆಚ್ಚಿದವ್ರೀ?"

ಮಂಜುನಾಥ ಒಂದು ಕ್ಷಣ ಹೆಂಡತಿಯ ಕಡೆ ನೋಡಿದ. ಅವಳ ಕೈಯಲ್ಲಿ ಕಾರಿನ ಕೀ ಇತ್ತು.

"ಸುಧಾ ಬ್ರೇಕ್ ಹಾಕಿದ್ಲು ನೋಡ್ರೀ" ಎಂದ.

ಅದು ಸುಳ್ಳಲ್ಲ, ಹಾಳಾಗಲಿ, ಅದೇ ನನ್ನ ಮೈ ಉರಿಸಿದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ಸುಧಾ ನನ್ನ ಸೆರಗು ಜಗ್ಗಿ ಬೇಡವೆಂದು ತಲೆಯಾಡಿಸಿದಳು. ಮದುವೆ ಮನೆ, ಮಾತು ಬೆಳೆಯಬಾರದು ಎಂದು ನುಂಗಿಕೊಂಡೆ. ಚೌಡಕ್ಕ ಬಿಡುತ್ತಾಳೆಯೇ? "ಹೆಣ್ಮಕ್ಕಳ ಕೈಗೆ ಗಾಡಿ ಕೊಟ್ರೆ ಇನ್ನೇನಾಗ್ತೈತಿ?" ಎಂದು ಊಟದ ಪಂಕ್ತಿಯವರೆಗೂ ಹೇಳಿಕೊಂಡು ತಿರುಗಿದಳು. ಸುಧಾ ತಲೆ ತಗ್ಗಿಸಿ ಊಟ ಮಾಡಿದಳು.

ಧಾರೆ ಮುಗಿಯಿತು. ಮದುಮಕ್ಕಳನ್ನು ನ್ಯಾಮತಿಗೆ ಮನೆ ತುಂಬಿಸಿಕೊಳ್ಳಲು ಕರೆದೊಯ್ಯುವ ಹೊತ್ತು. ಬೀಗರು ಗಿಡ್ಡಪ್ಪ ನನ್ನ ತಮ್ಮನ ಹೆಗಲ ಮೇಲೆ ಕೈ ಹಾಕಿ, "ಈ ಸಲ ನೀವೇ ಓಡಿಸ್ರಪ್ಪಾ, ನಮಗೂ ಧೈರ್ಯ" ಎಂದರು. ಸುಧಾ ಕೀ ಕೊಟ್ಟಳು. ಅಷ್ಟು ಜನರ ಎದುರು, ಅವಳ ಕೈಯಿಂದ ಅವನ ಕೈಗೆ. ತಮ್ಮನ ಮುಖ ಅರಳಿದ್ದನ್ನು ಏನು ಹೇಳಲಿ! ಸೀಟನ್ನು ಗರಕ್ಕನೆ ಹಿಂದಕ್ಕೆ ತಳ್ಳಿ ಕೂತ. ಹೂವಿನಿಂದ ಸಿಂಗರಿಸಿದ ಕಾರು, ಹಿಂದಿನ ಬಾಗಿಲು ತೆರೆದಿತ್ತು.

ರೂಪಶ್ರೀ ಬಾಗಿಲವರೆಗೆ ಬಂದು ನಿಂತಳು.

"ಮಾವಾ, ನಾವು ಬಸ್ಸಾಗೆ ಬರ್ತೀವಿ."

"ಯಾಕವ್ವಾ? ಮದುಮಗಳು ಬಸ್ಸಾಗೆ ಹೋಗ್ತಾಳೇನು?"

"ಬಳೆ ಹೊಸವು ಮಾವಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಗಂಡನ ಶಲ್ಯ ಹಿಡಿದುಕೊಂಡು ಬಸ್ಸಿನ ಕಡೆ ನಡೆದಳು. ಅಳಿಯ ಹೊಸಬ, ಹೆಂಡತಿಯ ಮೊದಲ ಮಾತು, ಹಿಂದೆಯೇ ಹೋದ. ನಾನೂ ಮಗಳ ಹಿಂದೆ ಬಸ್ಸು ಹತ್ತಿದೆ.

ಹೂವಿನ ಕಾರಿನಲ್ಲಿ ತಮ್ಮ ಒಬ್ಬನೇ ಉಳಿದ. ಸುತ್ತ ಅಷ್ಟು ಜನ, ಹತ್ತುವವರು ಒಬ್ಬರೂ ಇಲ್ಲ. ಸುಧಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೋಗಿ ಅವನ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಗಂಡನ ಮರ್ಯಾದೆ ಕಾಯುವುದು ಅವಳಿಗೆ ಗೊತ್ತು.

ಬಸ್ಸಿನ ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಕಾರಿನ ಕಿಟಕಿಯ ಮೇಲಿನ ಹಿಡಿಕೆಗೆ ಸುಧಾ ಕೈ ಎತ್ತಿ ಗಟ್ಟಿಯಾಗಿ ಹಿಡಿದುಕೊಂಡಳು. ಕೀ ತಿರುಗಿಸಲು ಹೊರಟಿದ್ದ ತಮ್ಮ ಆ ಕೈಯನ್ನೇ ನೋಡುತ್ತ ಕೂತ. ಗಾಡಿ ಇನ್ನೂ ಸ್ಟಾರ್ಟೇ ಆಗಿರಲಿಲ್ಲ.