ಮಗ್ಗ ನಿಂತಾಗ ಕೇಳಿದ ದನಿ

ಕಳೆದ ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಬನಹಟ್ಟಿಯಲ್ಲಿ ಕರೆಂಟ್ ಹೋಯಿತು. ಶೆಡ್ಡಿನ ಹತ್ತೂ ಮಗ್ಗ ಒಮ್ಮೆಲೇ ನಿಂತವು. ಗುರಪ್ಪನ ಹಾಡು ಮಾತ್ರ ನಿಲ್ಲಲಿಲ್ಲ.

ಕಣ್ಣು ಮುಚ್ಚಿ ಹಾಡುತ್ತಿದ್ದ. ಅದೂ ಕಳ್ಳ ಧ್ವನಿಯಲ್ಲಿ. (ಗಂಡಸು ಎದೆಯ ದನಿ ಬಿಟ್ಟು, ತಲೆಯೊಳಗಿಂದ ಹೆಣ್ಣಿನಂತೆ ತೆಳ್ಳಗೆ ಎಳೆಯುವ ದನಿಗೆ ಹಾಗೆನ್ನುತ್ತೇವೆ. ಟಿವಿ ಶೋಗಳಲ್ಲಿ ಫಾಲ್ಸೆಟ್ಟೊ ಅಂತಾರೆ.) ನಮ್ಮ ಓಣಿಯ ಸಣ್ಣಾಟದ ಮೇಳದಲ್ಲಿ ಮೂವತ್ತು ವರ್ಷ ರಾಣಿಯ ಪಾತ್ರ ಅವನದೇ. ಹಗಲೆಲ್ಲ ಮಗ್ಗ ನಡೆಸುವ ಒರಟು ಕೈಯ ಮನುಷ್ಯ ಆ ದನಿ ತೆಗೆದರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಎರಡು ವರ್ಷ ಆಟವಿರಲಿಲ್ಲ. ಈಗ ರನ್ನ ಬೆಳಗಲಿ ಊರಿನವರು ಆಟಕ್ಕೆ ಕರೆದಿದ್ದಾರೆ. ಮೇಳದಲ್ಲಿ ಹಾರ್ಮೋನಿಯಂ ನನ್ನದು. ತಾಲೀಮಿನ ದಿನ, ಗಂಟೆ ಗೊತ್ತು ಮಾಡಲು ಹೋಗಿದ್ದೆ. (ನಿವೃತ್ತ ಮಾಸ್ತರನ ಚಟ.)

ಮಗ್ಗದ ಸದ್ದಿಲ್ಲದೆ ಆ ದನಿ ಬರಿದಾಗಿ ಕೇಳಿಸಿತು. ಮೇಲಿನ ಸ್ವರ ಮುಟ್ಟುತ್ತಲೇ ಇರಲಿಲ್ಲ. ಅರ್ಧಕ್ಕೆ ಜಾರಿ, ಒಡೆದು, ಎಲ್ಲೋ ಅಲೆಯುತ್ತಿತ್ತು. ಹಾಡುವವನ ಮುಖದಲ್ಲಿ ಪೂರ್ತಿ ತೃಪ್ತಿ.

ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವನ ಹೆಂಡತಿ ಶಾಂತವ್ವ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಮ್ಯಾಳದಾವ್ರಿಗೆಲ್ಲಾ ಗೊತ್ತೈತ್ರಿ ಸರ. ಛಲೋ ಆತು ಅಂತ ಹೇಳಿ ಹೋಗ್ತಾರ. ನೀವೂ ಹಂಗ ಅಂದ್ಬಿಡ್ರಿ."

ಜಮಖಂಡಿಯ ಡಾಕ್ಟರು ಹೋದ ವರ್ಷವೇ ಅವಳಿಗೆ ಹೇಳಿದ್ದರಂತೆ. ವರ್ಷಗಟ್ಟಲೆ ಮಗ್ಗದ ಸದ್ದು ತಿಂದ ಕಿವಿಗೆ ತೆಳ್ಳಗಿನ, ಎತ್ತರದ ದನಿಯೇ ಮೊದಲು ಕೇಳದಾಗುತ್ತದೆ. ಹೋದದ್ದು ಮರಳುವುದಿಲ್ಲ. ಗಂಟಲು ಇನ್ನೂ ಇದೆ. ಅದನ್ನು ತಿದ್ದುವ ಕಿವಿ ಇಲ್ಲ.

ಸೀರೆ ಕೊಳ್ಳುವವರು ಅದನ್ನು ಬೆಳಕಿಗೆ ಹಿಡಿದು ಎಳೆ ಎಳೆ ನೋಡುತ್ತಾರೆ. ನೇಯ್ದವನ ಕಿವಿ ನೋಡಿದವರು ಯಾರು? ಹೊರಗಿನವರು ಶೆಡ್ಡಿಗೆ ಬಂದರೆ ಕಿವಿಗೆ ಬೆರಳಿಡುತ್ತಾರೆ. ನಾವು ನಗುತ್ತೇವೆ. (ನಾನೂ ನಕ್ಕಿದ್ದೇನೆ.) ಕಿವಿಗೆ ಒಂದಿಷ್ಟು ಹತ್ತಿ ಇಟ್ಟುಕೋ ಎಂದು ಮೂವತ್ತು ವರ್ಷದಲ್ಲಿ ಒಮ್ಮೆಯಾದರೂ ಹೇಳಿದೆನೆ? ಹತ್ತಿಯ ನೂಲಿನ ನಡುವೆಯೇ ಅವನು ಆಯುಷ್ಯ ಕಳೆದ.

ಹಾಡು ಮುಗಿಸಿ ಕಣ್ಣು ತೆರೆದ. ನಿಂತ ಮಗ್ಗಗಳನ್ನು ನೋಡಿದ. ನನ್ನನ್ನೂ ನೋಡಿದ.

"ಸರ, ನೀವು ಸುಳ್ಳ ಹೇಳಾವ್ರಲ್ಲ. ಮ್ಯಾಲಿಂದು ಮುಟ್ಟಾಕತ್ತೈತೇನ್ರಿ? ತಲಿಯಾಗ ಮುಟ್ಟಿದಂಗ ಆಕ್ಕೈತಿ, ಕಿವಿಗೆ ಬರವಲ್ದು."

ಶಾಂತವ್ವ ತಲೆ ತಗ್ಗಿಸಿದಳು. ಬೆಳಗಲಿಯ ಮಂದಿಯ ಮುಂದೆ ಅವನು ನಗೆಪಾಟಲಾಗುವುದನ್ನು ಹಾರ್ಮೋನಿಯಂ ಬಾರಿಸುತ್ತ ನೋಡಲೆ? ಇಲ್ಲವೇ ಈಗಲೇ ಹೇಳಿ ಆ ದನಿಯನ್ನು ಇಲ್ಲಿಗೇ ಮುಗಿಸಲೆ?

ಮುಖ ಗೋಡೆಯ ಕಡೆ ತಿರುಗಿಸಿ "ಇಲ್ಲೋ ಗುರಪ್ಪ" ಎಂದೆ.

ಮಗ್ಗದವರು ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾರೆ. ಅವನಿಗೆ ಕಂಡದ್ದು ನನ್ನ ಬೆನ್ನು.

"ಈ ಕಡಿ ಮಾರಿ ಮಾಡಿ ಹೇಳ್ರಿ ಸರ," ಎಂದ.

ಆ ಮುಖ ನೋಡುತ್ತ ಅದೇ ಮಾತು ಹೇಳಬಲ್ಲವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?