ನೂರು ಗುಂಡಿಗಳಲ್ಲಿ ಒಂದು

ಕಚೇರಿಯಲ್ಲಿ ಆಕೆಗೆ ಮೆಣಸಿನಕಾಯಿ ಎಂದು ಹೆಸರಿಟ್ಟವರು ಸುಮ್ಮನೆ ಇಟ್ಟಿರಲಿಲ್ಲ. ಮೂಗಿನ ತುದಿಯಲ್ಲೇ ಕೋಪ. ಹೊಸ ಔಷಧಿಗಳನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಕೇಂದ್ರದಲ್ಲಿ, ಎಷ್ಟು ಜನರಿಗೆ ಒಳ್ಳೆಯದಾಯಿತು, ಎಷ್ಟು ಜನರಿಗೆ ತೊಂದರೆಯಾಯಿತು ಎಂದು ಲೆಕ್ಕ ಹಾಕುವುದು ಆಕೆಯ ಕೆಲಸ. ಕಿಟಕಿಯಿಲ್ಲದ ಕೋಣೆ, ಗೊರಗುಟ್ಟುವ ಫ್ಯಾನು, ಬಾಗಿಲು ಮುಚ್ಚಿಕೊಳ್ಳದಂತೆ ಒರಗಿಸಿದ ಮುರುಕು ಕುರ್ಚಿ. ಲೆಕ್ಕದಲ್ಲಿ ಯಾರಾದರೂ ಕೈಯಾಡಿಸಿದರೆ ಆ ಕೋಣೆಯಿಂದ ಹೊರಡುವ ಸದ್ದು ಮೆಟ್ಟಿಲಿನ ಬುಡದವರೆಗೂ ಕೇಳುತ್ತಿತ್ತು.

ಅಂದೂ ಕೇಳಿಸಿತು. ಪಾರ್ಶ್ವವಾಯು ತಡೆಯುವ ಮಾತ್ರೆಯ ಕರಪತ್ರ ಅಚ್ಚಿಗೆ ಹೋಗುವುದಿತ್ತು. ಮೇಲೆ ದಪ್ಪಕ್ಷರದಲ್ಲಿ, "ಪಾರ್ಶ್ವವಾಯುವಿನ ಅಪಾಯ ಅರ್ಧಕ್ಕರ್ಧ ಕಡಿಮೆ." ಕೆಳಗೆ ಇರುವೆ ಸಾಲಿನಂತೆ, "ಹೊಟ್ಟೆಯಲ್ಲಿ ರಕ್ತಸ್ರಾವ: ನೂರಕ್ಕೆ ಒಬ್ಬರಿಗೆ ಮಾತ್ರ ಹೆಚ್ಚು."

"ಸಾರ್, ಲಾಭಕ್ಕೊಂದು ಅಳತೆ, ನಷ್ಟಕ್ಕೊಂದು ಅಳತೆ ಯಾಕೆ? ಐದು ವರ್ಷದಲ್ಲಿ ಮಾತ್ರೆ ಇಲ್ದೆ ನೂರಕ್ಕೆ ಇಬ್ರಿಗೆ ಲಕ್ವ ಹೊಡೀತು, ಮಾತ್ರೆ ತಗೊಂಡ್ರೆ ಒಬ್ರಿಗೆ. ಲಕ್ವದಿಂದ ಬಚಾವಾಗಿದ್ದೂ ನೂರಕ್ಕೆ ಒಬ್ರೇ. ರಕ್ತಸ್ರಾವ ಒಬ್ರಿಂದ ಇಬ್ರಿಗೆ ಏರ್ತು. ಅದನ್ನ ದುಪ್ಪಟ್ಟು ಅಂತ ಯಾಕೆ ಹಾಕ್ಲಿಲ್ಲ?"

ಕೇಂದ್ರದ ನಿರ್ದೇಶಕರು ಬೆಣ್ಣೆಯಂಥ ನಗೆ ನಕ್ಕರು. "ಎರಡೂ ನಿಜಾನೇ ಅಲ್ವೇನಮ್ಮ? ಒಂದಾದ್ರೂ ಸುಳ್ಳಿದ್ರೆ ತೋರ್ಸು."

ಸುಳ್ಳಿರಲಿಲ್ಲ. ಆಕೆಯ ಮೈ ಉರಿಸಿದ್ದೇ ಅದು. ನಿಜವನ್ನೇ ಹಿಡಿದು ಜನರ ಕಣ್ಣಿಗೆ ಮಣ್ಣೆರಚುವವರನ್ನು ಏನೆಂದು ಬಯ್ಯುವುದು? ಕರಪತ್ರ ಹಾಗೆಯೇ ಅಚ್ಚಾಯಿತು.

ಕೆಲವು ವಾರಗಳಾದ ಮೇಲೆ ಒಂದು ಸಂಜೆ ಮನೆಗೆ ಬಂದರೆ, ಅದೇ ಕರಪತ್ರ ಅತ್ತೆಯ ಹೊಲಿಗೆ ಯಂತ್ರದ ಮೇಲಿತ್ತು. ಪಕ್ಕದಲ್ಲಿ ಇನ್ನೂ ಬಿಚ್ಚದ ಮಾತ್ರೆ ಡಬ್ಬಿ.

"ಅರ್ಧಕ್ಕರ್ಧ ಅಂತೆ ಕಣೇ! ಅಂದ್ರೆ ನೂರು ಜನದಲ್ಲಿ ಐವತ್ತು ಜನ ಬಚಾವ್! ನಾಳೆಯಿಂದ್ಲೇ ಶುರು" ಎಂದರು ಅತ್ತೆ.

ಸೊಸೆ ಹಲ್ಲು ಕಡಿದಳು. ಅತ್ತೆಯ ಜೊತೆ ಜಗಳವಾಡದ ದಿನವಿಲ್ಲ, ನಿಜ. ಆದರೆ ಬೇರೆಯವರು ಬಂದು ಅತ್ತೆಗೆ ಟೋಪಿ ಹಾಕಿದರೆ ಸಹಿಸುವವಳಲ್ಲ. ಯಂತ್ರದ ಖಾನೆಯಿಂದ ಅಂಗಿಯ ಬಿಳಿ ಗುಂಡಿಗಳ ನೂರರ ಪೊಟ್ಟಣ ಎರಡನ್ನು ತೆಗೆದು ನೆಲದ ಮೇಲೆ ಬೇರೆ ಬೇರೆಯಾಗಿ ಸುರಿದಳು. ಮಾತ್ರೆಯಿಲ್ಲದವರ ಗುಡ್ಡೆಯಿಂದ ಮೂರು ಗುಂಡಿ ತೆಗೆದು, ಆ ಜಾಗಕ್ಕೆ ಎರಡು ಕಪ್ಪು, ಒಂದು ಕೆಂಪು ಇಟ್ಟಳು. ಮಾತ್ರೆ ನುಂಗಿದವರ ಗುಡ್ಡೆಗೆ ಹಾಗೆಯೇ ಒಂದು ಕಪ್ಪು, ಎರಡು ಕೆಂಪು.

"ಕಪ್ಪು ಲಕ್ವ, ಕೆಂಪು ರಕ್ತ. ಐದು ವರ್ಷದ ಕಥೆ ಇಷ್ಟೇ. ನೋಡ್ಕೊಳ್ಳಿ."

ಅತ್ತೆ ಕನ್ನಡಕ ಏರಿಸಿ ಎರಡೂ ಗುಡ್ಡೆಗಳ ಕಪ್ಪು ಗುಂಡಿ ಎಣಿಸಿದರು. "ಇದೊಂದು ಗುಂಡಿಗೆ ಅಷ್ಟು ದಪ್ಪಕ್ಷರಾನಾ?"

ಗೆದ್ದೆನೆಂದುಕೊಂಡ ಸೊಸೆ ಮಾತ್ರೆ ಡಬ್ಬಿಗೆ ಕೈಚಾಚಿದಳು. ಅತ್ತೆ ಆ ಕೈಯ ಮೇಲೆ ಪಟ್ಟನೆ ಹೊಡೆದರು.

"ಇಡೇ ಅಲ್ಲಿ! ನಿಮ್ಮ ಮಾವ ಲಕ್ವ ಹೊಡೆದು ಮಾತು ನಿಂತು, ಸಾಯೋವರೆಗೂ ಅದೇ ಹಾಸಿಗೇಲಿ ಬಿದ್ದಿದ್ದು ನಾನು ನೋಡಿದೀನಿ. ನನಗೆ ರಕ್ತಕ್ಕಿಂತ ಆ ಹಾಸಿಗೆ ಭಯ. ಒಂದೇ ಗುಂಡಿ ಆದ್ರೂ ಸರಿ, ನುಂಗ್ತೀನಿ."

ಸೊಸೆ ಕೈ ಹಿಂದೆಗೆದುಕೊಂಡಳು. ಈಗ ಕೋಪ ಅತ್ತೆಯ ಮೂಗಿನ ತುದಿಗೆ ಬಂದಿತ್ತು. ಎರಡೂ ಗುಡ್ಡೆಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಸೊಸೆಯ ಚೀಲಕ್ಕೆ ತುರುಕಿದರು.

"ನಾಳೆ ನಿಮ್ಮ ಸಾಹೇಬ್ರ ಮೇಜಿನ ಮೇಲೆ ಸುರಿ. ಇದ್ದದ್ದನ್ನ ಹೀಗೆ ನೇರವಾಗಿ ಹೇಳಿದ್ರೂ ನಾನು ನುಂಗ್ತಿದ್ದೆ. ಮತ್ತೆ ನನ್ನ ಪೆದ್ದಿ ಯಾಕೆ ಮಾಡಿದ್ರು, ಕೇಳು."