ಸಂಶಿಯ ಹಗ್ಗದ ಮೇಲಿನ ಕಪ್ಪು ಬಟ್ಟೆ

ಹುಬ್ಬಳ್ಳಿ ಕಡೆಯ ಸಂಶಿಯಲ್ಲಿ ಬಸ್ಸಿಳಿದ ಕೂಡಲೇ ಅಲ್ಲಿನ ನೆಲ ನನ್ನ ಚಪ್ಪಲಿ ಕಿತ್ತುಕೊಂಡಿತು. ಮಳೆ ಆಗಷ್ಟೇ ನಿಂತಿತ್ತು. ಕಾಲು ಮೇಲೆ ಬಂತು, ಚಪ್ಪಲಿ ಕೆಸರಿನಲ್ಲೇ ಉಳಿಯಿತು. ನಮ್ಮ ಮೈಸೂರಿನ ಕೆಮ್ಮಣ್ಣು ಒರೆಸಿದರೆ ಹೋಗುತ್ತದೆ; ಇದು ಎರೆಮಣ್ಣು, ಅಂಟಿನಂಥ ಕಪ್ಪು ಮಣ್ಣು. ಅಂದು ಸೀರೆಯಂಚಿಗೆ ಹತ್ತಿದ ಕರೆ ಇಂದಿಗೂ ಬಿಟ್ಟಿಲ್ಲ. ಜೂನಿಯರ್ ಕಾಲೇಜಿಗೆ ಜೀವಶಾಸ್ತ್ರ ಕಲಿಸಲು ಬಂದವಳ ಗತ್ತು ಬಸ್ ಸ್ಟ್ಯಾಂಡಿನಲ್ಲೇ ಅರ್ಧ ಇಳಿಯಿತು.

ಬಾಡಿಗೆಗೆ ಸಿಕ್ಕಿದ್ದು ಗಂಗವ್ವನವರ ಮನೆಯ ಮುಂದಿನ ಕೋಣೆ. ಮೈಸೂರಿನಲ್ಲಾದರೆ ಮನೆ ಕೊಡುವವರು ಮೊದಲು ಕುಲಗೋತ್ರ ಕೇಳುತ್ತಾರೆ. ಈಕೆ ಕೇಳಿದ್ದು "ಊಟಾ ಆಗೇತೇನ್ರಿ ಅಕ್ಕಾರ?" ಎಂದು. ಅಕ್ಕಾರು ಎಂದರೆ ಇಲ್ಲಿ ಪಾಠ ಹೇಳುವ ಹೆಂಗಸು. ಉತ್ತರ ಕೊಡುವ ಮೊದಲೇ ತಟ್ಟೆಗೆ ಜೋಳದ ರೊಟ್ಟಿ ಬಿತ್ತು. ಅದನ್ನು ಬಡಿಯಲು ಕಲಿಯುವಷ್ಟರಲ್ಲಿ ನಾನು ಇಡೀ ಓಣಿಗೆ ನಗೆಪಾಟಲಾಗಿದ್ದೆ. ನನ್ನ 'ಹೋಗೋಣ್ವಾ' ಕೇಳಿ ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ಭಾನುವಾರದ ಸಂಜೆಗಳಲ್ಲಿ ಮಾತ್ರ ಯಾರೂ ಇಲ್ಲದವಳಂತೆ ಕಿಟಕಿಯಲ್ಲಿ ಕೂತಿರುತ್ತಿದ್ದೆ.

ಗಂಗವ್ವನ ಸೊಸೆ ನೀಲವ್ವ ಬಾಣಂತನ ಮುಗಿಸಿ ತವರು ದುಮ್ಮವಾಡದಿಂದ ಹೆಣ್ಣುಕೂಸಿನೊಂದಿಗೆ ಬಂದಳು. ಆಕೆ ಗಂಗವ್ವನ ಮಗಳ ಮಗಳೂ ಹೌದು. ಅಕ್ಕನ ಮಗಳನ್ನು ಮದುವೆಯಾಗುವುದು ಇಲ್ಲಿ ರೂಢಿ. ನಮ್ಮ ಕಡೆಯೂ ಇದೆ, ನಗುವ ಹಾಗಿಲ್ಲ. ಹೀಗಾಗಿ ನೀಲವ್ವ ಅತ್ತೆಯನ್ನು ಆಯಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದಳು.

ಬಂದ ವಾರದಲ್ಲೇ ಜಗಳ ಶುರುವಾಯಿತು. ಕೂಸಿನ ಉಚ್ಚೆ ಬಟ್ಟೆಗಳು ಹಗ್ಗದ ಮೇಲೆ ಕಂದು ಕಪ್ಪಾಗಿ ತೂಗುತ್ತಿದ್ದವು.

"ಎರಿಮಣ್ಣು ಬಿಟ್ಟಿಲ್ಲ. ಇಕಿಗೆ ಬಟ್ಟಿ ಒಗ್ಯಾಕ ಬರೂದಿಲ್ಲ ನೋಡ್ರಿ," ಎಂದು ಗಂಗವ್ವ ತಾವೇ ಒಗೆಯಲು ಕೂತರು. ಇಲ್ಲಿನ ನೀರು ಗಡಸು, ಸೋಪು ನೊರೆ ಕೊಡುವುದಿಲ್ಲ; ಅದಕ್ಕೇ ಎಲ್ಲರೂ ವಾಷಿಂಗ್ ಸೋಡಾ ಸುರಿಯುತ್ತಾರೆ. ಗಂಗವ್ವ ಇನ್ನೊಂದು ಹಿಡಿ ಹೆಚ್ಚೇ ಸುರಿದರು. ಬಟ್ಟೆ ಮತ್ತಷ್ಟು ಕಪ್ಪಾಯಿತು. ಆಮೇಲೆ ಅವರ ದನಿಯೇ ಬದಲಾಯಿತು.

"ಇದು ಮಣ್ಣಲ್ಲ, ಕೂಸಿನ ಮೈಯಾಗಿಂದು. ಇಕಿ ಅಪ್ಪನ ಮನಿ ರಕ್ತನ ಕೆಟ್ಟದ್ದು. ಬರೂ ಸೋಮವಾರ ಇಬ್ಬರನೂ ದುಮ್ಮವಾಡಕ್ಕ ಕಳಿಸೇ ಬಿಡ್ತೀನಿ."

ನೀಲವ್ವನ ಗಂಡ ತಲೆ ತಗ್ಗಿಸಿ ಹೊಲಕ್ಕೆ ಹೋದ. ಆಕೆ ನನ್ನ ಕೋಣೆಯ ಹೊಸ್ತಿಲಲ್ಲಿ ಕೂತು, "ಹೋದ್ರ ತಿರುಗಿ ಕರ್ಯಾಂಗಿಲ್ರಿ ಅಕ್ಕಾರ," ಎಂದು ಅತ್ತಳು. ಅದೇ ಹೊತ್ತಿಗೆ, ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಅಳಿಸುತ್ತಿದ್ದ ಒಂದು ಹೆಸರು ನೆನಪಾಯಿತು: ಆಲ್ಕಾಪ್ಟೊನ್ಯೂರಿಯಾ, ಉಚ್ಚೆ ಕಪ್ಪಾಗುವ ಹುಟ್ಟುರೋಗ.

ಮರುದಿನ ಬಚ್ಚಲ ಕಟ್ಟೆಯ ಮೇಲೆ ಎರಡು ಬಟ್ಟಲಿಟ್ಟು ಕೂಸಿನ ಉಚ್ಚೆಯನ್ನು ಎರಡಕ್ಕೂ ಹಾಕಿದೆ. ಒಂದಕ್ಕೆ ನಿಂಬೆರಸ ಹಿಂಡಿದೆ, ಇನ್ನೊಂದಕ್ಕೆ ಸೋಡಾ ಬೆರೆಸಿದೆ. ನಿಂಬೆಯದು ಹಾಗೇ ಇತ್ತು. ಸೋಡಾದ್ದು ನೋಡುನೋಡುತ್ತಲೇ ಕಪ್ಪಿಟ್ಟಿತು. ದುಮ್ಮವಾಡದಲ್ಲಿ ಬರೀ ಹಳ್ಳದ ನೀರಿನಲ್ಲಿ ಜಾಲಿಸುತ್ತಿದ್ದರಂತೆ, ಅದಕ್ಕೇ ಅಲ್ಲಿ ಬಣ್ಣ ಇಷ್ಟು ಏರಿರಲಿಲ್ಲ.

ಹಳೆ ಸೀರೆ ತುಂಡುಗಳ ಕೌದಿ ಹೊಲಿಯುತ್ತಿದ್ದ ಗಂಗವ್ವ ಸೂಜಿ ನಿಲ್ಲಿಸಿ ನೋಡಿದರು. ನಾನು ಹೇಳಿದೆ: ಉಂಡ ಅನ್ನ ಮೈಯಲ್ಲಿ ಒಂದೊಂದೇ ಮೆಟ್ಟಿಲು ಇಳಿದು ಕರಗುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಕಿಣ್ವ, ಆ ಕಿಣ್ವಕ್ಕೊಂದು ಜೀನ್. ಈ ಕೂಸಿಗೆ ಒಂದು ಮೆಟ್ಟಿಲ ಜೀನ್ ಕೆಟ್ಟಿದೆ; ಅಲ್ಲಿ ತಡೆದದ್ದು ಉಚ್ಚೆಯಲ್ಲಿ ಹೊರಬಂದು ಕಪ್ಪಾಗುತ್ತದೆ. ಜೀನಿನ ಎಳೆಗೆ ದಿನವೂ ಪೆಟ್ಟು ಬೀಳುತ್ತದೆ, ಮೈ ತಾನೇ ದುರಸ್ತಿ ಮಾಡಿಕೊಳ್ಳುತ್ತದೆ, ಆದರೂ ಎಂದೋ ಒಂದು ತಪ್ಪು ಉಳಿದು ತಲೆಮಾರಿಗೆ ಇಳಿಯುತ್ತದೆ.

"ಎಷ್ಟ ತ್ಯಾಪಿ ಹಚ್ಚಿದ್ರೂ ಒಂದು ತೂತು ಉಳೀತು ಅನ್ರಿ," ಎಂದರು.

"ಹೌದ್ರಿ. ಆದರೆ ಅದು ಅಪ್ಪ, ಅವ್ವ ಇಬ್ಬರಿಂದಲೂ ಬಂದರೆ ಮಾತ್ರ ಕೂಸಿಗೆ ಹೀಗಾಗುತ್ತದೆ."

ಅವರು ಮಗ ದಿನವೂ ಕೂರುವ ಖಾಲಿ ಕಟ್ಟೆ ನೋಡಿದರು, ಮೊಮ್ಮಗಳು ನೀಲವ್ವನ ಮುಖ ನೋಡಿದರು. ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಎದ್ದರು.

ಹುಬ್ಬಳ್ಳಿಯ ಡಾಕ್ಟರರೂ ಅದನ್ನೇ ಹೇಳಿದರು: ಜೀವಕ್ಕೆ ಭಯವಿಲ್ಲ, ದೊಡ್ಡವಳಾದ ಮೇಲೆ ಕೀಲುನೋವು ಬರಬಹುದು, ಔಷಧ ಇನ್ನೂ ಇಲ್ಲ. ಸೋಮವಾರ ಪಕ್ಕದ ಮನೆಯಾಕೆ ಬಂದು, "ಕಳಸ್ತೀಯೇನ್ ಬೇ ಸೊಸೀನ?" ಎಂದು ಕೆದಕಿದಳು.

"ಯಾಕ ಕಳಸ್ಲಿ? ಇದು ನಮ್ಮ ಮನೀದು," ಎಂದರು ಗಂಗವ್ವ, ಓಣಿಗೆಲ್ಲ ಕೇಳುವಂತೆ. "ಮಗನ ಕೈಯಾಗ ಒಂದು ತೂತು, ಮಗಳ ಕೈಯಾಗ ಒಂದು ತೂತು ನಾವ ಕೊಟ್ಟಿದ್ದು. ಕೂಸಿನ ಹತ್ರ ಎರಡೂ ಕೂಡ್ಯಾವ. ನಮ್ಮ ತಪ್ಪಿಗೆ ಹುಡುಗೀನ ಹೊರಗ ಹಾಕ್ಲಿ?"

ತರಗತಿಯಲ್ಲಿ ಎಷ್ಟೋ ಜನ ಜಾಣರಿಗೆ ಅನುವಂಶೀಯತೆ ಕಲಿಸಿದ್ದೇನೆ. ಇಷ್ಟು ಧೈರ್ಯದಿಂದ ಅದನ್ನು ಒಪ್ಪಿಸಿದವರು ಇನ್ನೊಬ್ಬರಿಲ್ಲ. ಆ ದಿನ ಆ ಮನೆಯ ಬಾಡಿಗೆದಾರಳು ಎಂಬುದಕ್ಕೇ ನನಗೆ ಹೆಮ್ಮೆಯಾಯಿತು.

ಆ ಕೂಸು ಈಗ ಅಂಗಳದ ತುಂಬ ಓಡುತ್ತದೆ. ಗಂಗವ್ವ ಮದುವೆಗೆ ಬಂದ ಕಿರಿಮಗನಿಗೆ, ಸಂಬಂಧದೊಳಗೆ ಬೇಡವೆಂದು, ಹೊರಗಿನ ಹೆಣ್ಣು ಹುಡುಕುತ್ತಿದ್ದಾರೆ. "ನಾನೂ ಹೊರಗಿನವಳೇ ಅಲ್ವೇ?" ಎಂದು ಕಿಚಾಯಿಸಿದರೆ, "ನಮ್ಮ ರಕ್ತದ ಸುದ್ದಿ ನಮಗಿಂತ ಮೊದ್ಲ ಗೊತ್ತಾದವ್ರು ನೀವು. ಹ್ಯಾಂಗ ಹೊರಗಿನವ್ರಾಗ್ತೀರಿ?" ಎಂದರು.

ಈ ಬೇಸಿಗೆಯಲ್ಲಿ ಮೈಸೂರಿಗೆ ಬಂದಾಗ ಅಮ್ಮ ನನ್ನ ಸೀರೆ ಹಿಡಿದು, "ಇದೇನೇ ಈ ಕರೆ, ಹೋಗೋದೇ ಇಲ್ವಾ?" ಎಂದು ಸೋಡಾ ಡಬ್ಬಿಗೆ ಕೈ ಹಾಕಿದಳು.

"ಇರ್ಲಿ ಬಿಡ್ರಿ," ಎಂದೆ.

ಹೆತ್ತ ತಾಯಿಗೆ 'ಬಿಡ್ರಿ' ಎಂದ ಮಗಳನ್ನು ಅಮ್ಮ, ಊರಿಗೆ ಬಂದ ನೆಂಟರನ್ನು ನೋಡುವಂತೆ ನೋಡಿದಳು.